ಮೂರಡಿ ನಾಲ್ಕಿಂಚು

ಅಥವಾ ಹೊಲದ ಎಲ್ಲೆಯ ಆ ಕಲ್ಲು ಮೊದಲೇ ವಾಲಿತ್ತೇನೋ, ಯಾರೋ ಅಲುಗಿಸಿದಂತೆ. ನೆಟ್ಟಗೆ ನಿಂತಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಅದು ನನ್ನ ಕಣ್ಣಮುಂದೆ ನೆಟ್ಟಗೇ ನಿಂತುಬಿಟ್ಟಿದೆ. ನಿಜಕ್ಕೂ ನೋಡಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ವರ್ಷ ಮಾತ್ರ ಖಚಿತ, 2007. ರೋಣ ತಾಲೂಕಿನಲ್ಲಿ ನಾನು ಭೂಮಾಪಕ, ಅಂದರೆ ಸರ್ವೇಯರ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕಡಲೆ ಕಿತ್ತಾದ ಮೇಲಿನ ದಿನಗಳು. ಹೊಲ ಬರಿದಾಗಿತ್ತು ಎಂಬುದು ನೆನಪಿದೆ, ಯಾಕೆಂದರೆ ಅಂದು ಅಡ್ಡ ನಿಲ್ಲುವ ಪೈರು ಯಾವುದೂ ಇರಲಿಲ್ಲ.

ನಾನು ಕೆಲಸ ಕಲಿತದ್ದು ನರಗುಂದದಲ್ಲಿ, ಸರಪಳಿ ಎಳೆದು. ಮೂವತ್ಮೂರು ಅಡಿ ಉದ್ದದ ಕಬ್ಬಿಣದ ಸರಪಳಿ. ವರ್ಷಗಟ್ಟಲೆ ಎಳೆದಾಡಿದರೆ ಅದರ ಕೊಂಡಿಗಳು ಹಿಗ್ಗುತ್ತವೆ. ಅದಕ್ಕಾಗಿ ದಿನಾ ಬೆಳಿಗ್ಗೆ, ಕಟ್ಟೆಯ ಮೇಲೆ ಕೊರೆದ ಎರಡು ಗುರುತುಗಳಿಗೆ ಹಿಡಿದು ನೋಡಿಯೇ ಹೊಲಕ್ಕೆ ಹೋಗಬೇಕು. ನೋಡುತ್ತಿದ್ದೆವು. ಬಸ್ಸು ಹೊರಟು ನಿಂತಿದ್ದರೆ ನೋಡುತ್ತಿರಲಿಲ್ಲ.

ಇನ್ನೊಂದು ರೂಢಿಯೂ ಇತ್ತು. ಹೊಲದ ಎಲ್ಲೆ ತೋರಿಸುವ ಬಾಂದಗಲ್ಲು ನೆಡುವಾಗ ಗುಂಡಿಯ ತಳಕ್ಕೆ ಏನಾದರೂ ಗುರುತು ಹಾಕುವುದು. ಬೇರೆ ಸೀಮೆಯಲ್ಲಿ ಇದ್ದಲು ಹಾಕುತ್ತಾರಂತೆ. ನಮ್ಮ ಕಪ್ಪು ಎರೆಮಣ್ಣಿನಲ್ಲಿ ಇದ್ದಲು ಹುಡುಕುವವರು ಯಾರು? ನಾವು ಒಡೆದ ಗಡಿಗೆಯ ಕೆಂಪು ಚೂರು ಹಾಕಿಸುತ್ತಿದ್ದೆವು. ಮುಂದೆ ಯಾರಾದರೂ ಕಲ್ಲು ಕಿತ್ತು ಬೇರೆಡೆ ನಿಲ್ಲಿಸಿದರೂ ಚೂರು ತನ್ನ ಜಾಗದಲ್ಲೇ ಉಳಿಯುತ್ತದೆ.

ಸವಡಿಯ ರೈತ ಖಾಜಾಸಾಬ ತನ್ನ ಹೊಲವನ್ನು ಇಬ್ಬರು ಮಕ್ಕಳಿಗೆ ಪಾಲು ಮಾಡುವವನಿದ್ದ. ಅದಕ್ಕೂ ಮೊದಲು ಹದ್ದುಬಸ್ತು ಆಗಬೇಕು, ಅಂದರೆ ಸರಕಾರದ ನಕ್ಷೆಯಂತೆ ಎಲ್ಲೆ ಗುರುತಿಸಬೇಕು. ಅವನ ಪಕ್ಕದ ಹೊಲ ಶಂಕ್ರವ್ವನದು. ನಡುವಿನ ಬದುವಿನ ಮೇಲಿದ್ದ ಬಾಂದಗಲ್ಲನ್ನು 1984ರಲ್ಲಿ ನಾನೇ ನಿಂತು ನೆಡಿಸಿದ್ದೆ. ಅದಾಗಿ ಏಳೆಂಟು ವರ್ಷಕ್ಕೆ ಶಂಕ್ರವ್ವನ ಗಂಡ ನಿಂಗಪ್ಪ ತೀರಿಕೊಂಡ. ಆ ಮನೆತನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಕೊಡುತ್ತಾರೆ. ಅವನ ಗದ್ದಿಗೆ ಬದುವಿಗೆ ಆತುಕೊಂಡೇ ಇತ್ತು. ಪಕ್ಕದಲ್ಲಿ ಒಂದಿಷ್ಟು ಜಾಗವನ್ನು ಶಂಕ್ರವ್ವ ಎಂದೂ ಬಿತ್ತುತ್ತಿರಲಿಲ್ಲ. ಅದು ತನಗೆ ಎಂದು ಊರಿಗೆಲ್ಲ ಹೇಳಿಟ್ಟಿದ್ದಳು.

ಅಂದು ಅಳತೆಗೆ ಸರಪಳಿ ಒಯ್ಯಲಿಲ್ಲ. ಟೋಟಲ್ ಸ್ಟೇಷನ್ ಎಂಬ ಯಂತ್ರ ಬಂದಿತ್ತು. ಮೂರು ಕಾಲಿನ ಮೇಲೆ ಕೂರುತ್ತದೆ. ದೂರದಲ್ಲಿ ಹಿಡಿದ ಗಾಜಿಗೆ ಬೆಳಕು ಬಿಟ್ಟು, ಅದು ಮರಳಿ ಬರುವುದರಲ್ಲಿ ಅಂತರ ಹೇಳುತ್ತದೆ. ನಡೆಸಿದವರು ಸುನಂದಾ, ನಾಲ್ಕು ತಿಂಗಳ ಹಿಂದೆ ವರ್ಗವಾಗಿ ಬಂದಿದ್ದ ಸರ್ವೇಯರ್. ನನಗೆ ಮುಂಜಾನೆಯಿಂದ ಸಂಜೆಯವರೆಗೆ ಹಿಡಿಯುತ್ತಿದ್ದ ಕೆಲಸ ಖಾಜಾಸಾಬನ ಮನೆಯಿಂದ ಚಹಾ ಬರುವುದರೊಳಗೆ ಮುಗಿಯಿತು. ಆಕೆ ಪರದೆ ತೋರಿಸಿದರು. ಆ ಬಿಸಿಲಿನಲ್ಲಿ, ನನ್ನ ಕನ್ನಡಕದಲ್ಲಿ ಅಂಕಿ ಒಂದೂ ಕಾಣಲಿಲ್ಲ. ಓದಿದವನಂತೆ ತಲೆಯಾಡಿಸಿದೆ.

"ಮೂರ ಅಡಿ ನಾಕ ಇಂಚ ಫರಕ ಬರ್ತದರಿ ಸರ್. ಕಲ್ಲ ಖಾಜಾಸಾಬ್ರ ಹೊಲದಾಗ ಐತಿ."

ಸುಣ್ಣದ ಗೆರೆ ಎಳೆಸಿದೆವು. ಗೆರೆ ಗದ್ದಿಗೆಯ ನಟ್ಟನಡುವೆ ಹಾದುಹೋಯಿತು.

ಸಾಕ್ಷಿಗೆಂದು ಪಂಚರಾಗಿ ಬಂದವರಲ್ಲಿ ಒಬ್ಬ ಬೀಡಿ ಆರಿಸುತ್ತ ಅಂದ: "ನಿಂಗಪ್ಪಣ್ಣ ಭಾಳ ಶಾಣ್ಯಾ ಬಿಡ್ರಿ. ಬಾಂದಾ ಸರಿಸಿದ್ದಲ್ದ ಕಾವಲಿಗೆ ತಾನ ಕುಂತಾನ!"

ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ. ಖಾಜಾಸಾಬ ನಗಲಿಲ್ಲ. "ಅಕ್ಕಾ," ಅಂದ ಶಂಕ್ರವ್ವನಿಗೆ, "ಗದ್ದಿಗಿ ನನ್ನ ಕಡಿ ಬಂದ್ರೇನಾತು? ಅದಕ್ಕ ನಾ ನೇಗಿಲ ಹಚ್ಚಾಂವಲ್ಲ. ನೀ ದಿನಾ ಬಾ, ದೀಪಾ ಹಚ್ಚು."

"ಯಾಕ ಖಾಜಾ, ನನ್ನ ಗಂಡ ನಿನ್ನ ಹೊಲದಾಗ ಬಾಡಿಗಿಗೆ ಕುಂಡ್ರಬೇಕೇನು?" ಎಂದಳು ಶಂಕ್ರವ್ವ. ಸೆರಗು ಬಿಗಿದುಕೊಂಡು ನೇರ ನನ್ನತ್ತ ಬಂದಳು. "ಸಾಹೇಬ್ರ, ಈ ಕಲ್ಲ ಹುಗಿಸಿದವರು ನೀವು. ಅವತ್ತ ನಾ ನಿಮಗ ಮಜ್ಜಿಗಿ ತಂದಕೊಟ್ಟಿದ್ದೆ. ಮೂರ ಅಡಿ ಹೊಲ ಹೋಗ್ಲಿ, ನನಗೇನ ಬ್ಯಾಡ. ಕಲ್ಲ ಇಲ್ಲೇ ಇತ್ತು, ನನ್ನ ಗಂಡ ಸರಿಸಿಲ್ಲಂತ ಇಷ್ಟೂ ಮಂದಿ ಮುಂದ ಒಂದ ಮಾತ ಹೇಳಿಬಿಡ್ರಿ."

"ಇಪ್ಪತ್ತಮೂರ ವರ್ಷದ ಮಾತದು ಯವ್ವಾ. ನನಗ ನೆನಪಿಲ್ಲ."

"ನನಗ ಐತ್ರಿ. ಏನ ಮಾಡೂದು, ನನ್ನ ನೆನಪಿಗೆ ಸರಕಾರದ ಸಿಕ್ಕಾ ಇಲ್ಲ."

ಸುನಂದಾ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಅಂದರು: "ಸರ್, ಗಡಗಿ ಚೂರು ಹಾಕ್ತಿದ್ವಿ ಅಂತ ನೀವ ಹೇಳಿದ್ರೆಲ್ರಿ. ಅರ್ಧಾ ತಾಸಿನ ಕೆಲಸ, ಕಲ್ಲಿನ ಬುಡಾ ಅಗಿಸಿ ನೋಡೂಣೇನ್ರಿ?"

"ಯಾಕ ಬೇಕ್ರಿ? ಮಿಷಿನ್ ಹೇಳೇತೆಲ್ಲ. ಮುಗೀತು," ಅಂದೆ.

ಹಾಗೆ ಅಂದದ್ದು ಯಾಕೆಂದು ಆಗಲೇ ನನಗೆ ಗೊತ್ತಿತ್ತು. 1984ರಲ್ಲಿ ಶಂಕ್ರವ್ವನ ಹೊಲದ ಆ ತುದಿಯಿಂದ ಅಳೆಯುತ್ತ ಬಂದು, ಹತ್ತು ಸರಪಳಿಗೆ ಸರಿಯಾಗಿ ಆ ಕಲ್ಲು ನೆಡಿಸಿದ್ದೆ. ಸರಪಳಿ ನಾಲ್ಕು ಇಂಚು ಹಿಗ್ಗಿತ್ತು ಎನ್ನಿ. ಹತ್ತು ಸಲಕ್ಕೆ ನಲವತ್ತು ಇಂಚು, ಅಂದರೆ ಮೂರಡಿ ನಾಲ್ಕಿಂಚು, ಖಾಜಾಸಾಬನ ಕಡೆಗೆ. ಸುನಂದಾ ಅಂಕಿ ಹೇಳಿದ ಗಳಿಗೆಯಲ್ಲೇ ಈ ಲೆಕ್ಕ ತಲೆಯಲ್ಲಿ ಆಗಿಹೋಗಿತ್ತು. ಬುಡದಲ್ಲಿ ಕೆಂಪು ಚೂರು ಸಿಕ್ಕರೆ ನಿಂಗಪ್ಪ ಕಲ್ಲು ಸರಿಸಿಲ್ಲ, ತಪ್ಪು ನನ್ನದು. ಚೂರು ಸಿಗದಿದ್ದರೂ ಅವನೇ ಕಳ್ಳನೆಂದು ಹೇಳುವಂತಿರಲಿಲ್ಲ, ಹಾಕಿಸುವುದನ್ನೇ ಮರೆತಿರಬಹುದು. ಆ ಯಂತ್ರದ ಮುಂದೆ ಬೆಳಗಿನಿಂದ ಕೈಕಟ್ಟಿ ನಿಂತಿದ್ದೆ. ಮುದುಕನಾದೆ ಎಂಬುದು ಕನ್ನಡಿಯಲ್ಲಿ ಅಷ್ಟು ಕಂಡಿರಲಿಲ್ಲ, ಆ ಹೊಲದಲ್ಲಿ ಕಂಡಿತು. ನನಗೆ ಉಳಿದಿದ್ದದ್ದು ಮಾಡಿ ಬಂದ ಕೆಲಸದ ಹೆಸರೊಂದೇ. ಅದನ್ನು ಗುದ್ದಲಿಯ ಬಾಯಿಗೆ ಕೊಡಲು ಮನಸ್ಸಾಗಲಿಲ್ಲ.

ಮಹಜರು ನಾನೇ ಹೇಳಿ ಬರೆಸಿದೆ. "ಬಾಂದಗಲ್ಲು ಮೂಲ ಸ್ಥಳದಿಂದ ಸರಿದಿರುವುದು ಕಂಡುಬಂದಿದೆ." ಯಾರು ಸರಿಸಿದರು ಎಂದು ಬರೆಸಲಿಲ್ಲ. ಬರೆಸುವ ಅಗತ್ಯವೂ ಇರಲಿಲ್ಲ, ಸವಡಿ ತಾನೇ ಓದಿಕೊಂಡಿತು. ಶಂಕ್ರವ್ವ ಹೆಬ್ಬೆಟ್ಟು ಒತ್ತಲಿಲ್ಲ. ಶಾಯಿ ಮುಂದೆ ಹಿಡಿದಾಗ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು. ನಿರಾಕರಿಸಿದರು ಎಂದು ಬರೆದುಕೊಂಡು ಜೀಪು ಹತ್ತಿದೆವು. ರೋಣ ಹತ್ತಿರ ಬಂದಾಗ ಸುನಂದಾ ಕೇಳಿದರು: "ಖರೇನ ನೆನಪಿಲ್ಲೇನ್ರಿ ಸರ್?" ಏನೋ ಹೇಳಿದೆ. ಏನು ಹೇಳಿದೆ ಎಂಬುದು ನಿಜಕ್ಕೂ ನೆನಪಿಲ್ಲ.

ಯಂತ್ರದ ಮೇಲೆ ತಪ್ಪು ಹೊರಿಸಲಾರೆ. ಎಲ್ಲೆ ಎಲ್ಲಿರಬೇಕೆಂದು ಕೇಳಿದ್ದೆವು, ಅದು ಹೇಳಿತು. ಕಲ್ಲು ಅಷ್ಟು ವರ್ಷ ಇನ್ನೊಂದು ಕಡೆ ಯಾಕಿತ್ತು ಎಂದು ಹೇಳಬೇಕಾದವನು ನಾನು. ಹೊಸ ಉಪಕರಣ ಬಂದಾಗಲೆಲ್ಲ ಹಳಬರು ತಮ್ಮ ಹಳೆಯ ತಪ್ಪುಗಳನ್ನು ತಾವಾಗಿ ಒಪ್ಪಿಸಿ ಹೋಗಬೇಕು. ಇಲ್ಲದಿದ್ದರೆ ಆ ತಪ್ಪುಗಳು ಬೇರೆಯವರ ಹೆಸರಿಗೆ ದಾಖಲಾಗುತ್ತವೆ. ಮೂವತ್ತು ವರ್ಷಗಳ ನೌಕರಿಯಲ್ಲಿ ಇದೊಂದನ್ನು ಕಲಿತೆ, ಕಲಿತದ್ದೂ ತಡವಾಗಿ.

2009ರಲ್ಲಿ ನಿವೃತ್ತನಾಗಿ ಗಜೇಂದ್ರಗಡಕ್ಕೆ ಬಂದೆ. ಕೆಲವು ವರ್ಷಗಳ ನಂತರ ಸುನಂದಾ ಬೇರೆ ಯಾವುದೋ ಕೆಲಸಕ್ಕೆ ಫೋನು ಮಾಡಿದವರು, ಶಂಕ್ರವ್ವ ತೀರಿಕೊಂಡ ಸುದ್ದಿ ಹೇಳಿದರು. ಹಳೆಯ ಬದುವನ್ನು ಟ್ರ್ಯಾಕ್ಟರ್ ಹೊಡೆದು ಸಮ ಮಾಡಿದ್ದಾರೆ ಎಂದರು. ಕಲ್ಲು ಕಿತ್ತಾಗ ಬುಡದಲ್ಲಿ ಏನಾದರೂ ಬಂತೇ ಎಂದು ನಾನು ಕೇಳಲಿಲ್ಲ.

ಈಗ ಮೊಬೈಲಿನಲ್ಲಿ ಆಕಾಶದಿಂದ ತೆಗೆದ ಚಿತ್ರ ನೋಡುತ್ತೇನೆ. ಸವಡಿಯ ಹೊಲಗಳೆಲ್ಲ ಅಂಗೈಯಲ್ಲಿ ಬರುತ್ತವೆ. ನಾನು ಜೀವಮಾನವಿಡೀ ನಡೆದು ಅಳೆದ ತಾಲೂಕನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಕುಗ್ಗಿಸಬಹುದು. ಆ ಹೊಲವನ್ನು ಗುರುತು ಹಿಡಿದೆ. ಒಂದು ಕಡೆ ಉಳದೆ ಬಿಟ್ಟ ಸಣ್ಣ ತುಂಡು ಇದ್ದಂತಿದೆ. ಖಾಜಾಸಾಬ ಮಾತು ಉಳಿಸಿಕೊಂಡಿರಬೇಕು; ಅಥವಾ ಅದು ಬರೀ ಗಿಡದ ನೆರಳು. ಅಲ್ಲಿ ಒಂದು ಗದ್ದಿಗೆ ಇದೆಯೋ ಎರಡಿವೆಯೋ, ಎಷ್ಟು ಹಿಗ್ಗಿಸಿದರೂ ತಿಳಿಯುವುದಿಲ್ಲ. ಇಲ್ಲಿಂದ ಸವಡಿಗೆ ಬಸ್ಸಿದೆ, ನಾನು ಹೋಗಿಲ್ಲ. ಶಂಕ್ರವ್ವನಿಗೆ ಎಲ್ಲಿ ಮಣ್ಣು ಕೊಟ್ಟರೆಂದು ನನಗೆ ಗೊತ್ತಿಲ್ಲ.