ಗುರುವಿನ ಬೇಸ್, ಅಮ್ಮನ ಶ್ರುತಿಪೆಟ್ಟಿಗೆ

ಇಲ್ಲ... ಇದು ಸುಳ್ಳು ಅಂತ ಯಾರಾದರೂ ಹೇಳಿ.

ಬೆಳಿಗ್ಗೆ ಅವನ ಮೆಸೇಜ್ ಬಂದಿತ್ತು...
"ಶನಿವಾರ ನನ್ನ ಆಂಪ್ ಸ್ಪೀಕರ್ ನಿನ್ನ ಕಾರಿನಾಗ ಹಿಡೀತದೇನಲೇ?"
ಮೀಟಿಂಗಿನಲ್ಲಿದ್ದೆ. ಉತ್ತರಿಸಿರಲಿಲ್ಲ.
ಮಧ್ಯಾಹ್ನ ಅವನ ಹೆಂಡತಿ ವಿದ್ಯಾ ಫೋನ್ ಮಾಡಿದರು...
ಕ್ರ್ಯಾನ್‌ಬರಿಯ ಆಫೀಸಿನ ಪಾರ್ಕಿಂಗ್ ಲಾಟಿನಲ್ಲೇ ಹೃದಯ ನಿಂತುಹೋಯಿತಂತೆ.
ನಮ್ಮ ಗುರುರಾಜ ಹೋಗಿಬಿಟ್ಟ.

ಸಮರ್‌ಸೆಟ್‌ನ ಅವನ ಮನೆಯಿಂದ ಈಗಷ್ಟೇ ಬಂದೆ.
ದುಃಖವಿದೆ.
ಆದರೆ ಬಂದವನೇ ಟೈಪ್ ಮಾಡಲು ಕೂತಿರುವುದು ದುಃಖಕ್ಕಲ್ಲ... ಹುರುಪಿಗೆ. ಯಾಕೆಂದು ಹೇಳುತ್ತೇನೆ.

ಗೊತ್ತಿಲ್ಲದವರಿಗೆ... ಗುರು ಧಾರವಾಡದವನು. ವಾರವಿಡೀ ಫಾರ್ಮಾ ಕಂಪನಿಯ ಇಂಜಿನಿಯರ್, ವೀಕೆಂಡಿನಲ್ಲಿ ನಮ್ಮ 'ಗೋದಾಮು' ಬ್ಯಾಂಡಿನ ಬೇಸ್ ಗಿಟಾರ್.
ಪೋಸ್ಟ್-ಪಂಕ್ ಸಂಗೀತ ಅಂದರೆ ಹುಚ್ಚು ಅವನಿಗೆ.
ಪಂಕ್ ರಾಕ್‌ನ ಕೂಗಾಟ ತಣ್ಣಗಾದ ಮೇಲೆ ಇಂಗ್ಲೆಂಡಿನಲ್ಲೂ, ಇಲ್ಲೇ ಪಕ್ಕದ ನ್ಯೂಯಾರ್ಕಿನಲ್ಲೂ ಹುಟ್ಟಿದ ಬ್ಯಾಂಡುಗಳು...
ಗಿಟಾರ್ ಹಿಂದೆ ಸರಿದು ಬೇಸ್ ಮುಂದೆ ಬಂದ ಕಾಲ. ಕುಣಿಸುವ ತಾಳ, ಅದರ ಮೇಲೆ ಒಣ ದನಿಯ ಮಾತು.

ನನಗೆ ಹಾಡಲು ಬರುವುದಿಲ್ಲ ಎಂದಾಗ ಅಂದಿದ್ದ...
"ಹಾಡಬ್ಯಾಡೋ. ಟರ್ನ್‌ಪೈಕ್ ಹೈವೇ ಟ್ರಾಫಿಕ್‌ನಾಗ ಸಿಕ್ಕೊಂಡಾಗ ಹೆಂಗ ಮಾತಾಡ್ತಿ, ಹಂಗ ಮಾತಾಡು."
ಹಾಗೆ ಗಿಟಾರ್ ನುಡಿಸುತ್ತಿದ್ದ ನಾನು ಸಿಂಗರ್ ಕೂಡ ಆದೆ.

ಗುರು... ಈಸ್ಟ್ ಬ್ರನ್ಸ್‌ವಿಕ್‌ನ ಆ ರಾಜ್ಯೋತ್ಸವ ನೆನಪಿದೆಯಾ ನಿನಗೆ?
ನೀನು ಯಾವತ್ತೂ ಶ್ರುತಿ ತೋರಿಸುವ ಟ್ಯೂನರ್ ಮುಟ್ಟಿದವನಲ್ಲ.
ನಿನ್ನಮ್ಮ ತಂದುಕೊಟ್ಟ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೇ ಬೇಸ್ ಸೇರಿಸುತ್ತಿದ್ದೆ, ನನ್ನ ಗಿಟಾರನ್ನೂ ಅದಕ್ಕೇ.
ಅದರ ತಿರುಪು ಸವೆದು, ಶ್ರುತಿ ಎರಡು ಸ್ವರಗಳ ನಡುವೆ ಎಲ್ಲೋ ನಿಂತಿತ್ತು. ನಿನ್ನ ಮನೆಯ ಬೇಸ್‌ಮೆಂಟಿನಲ್ಲಿ ನಾವಷ್ಟೇ ಪ್ರಾಕ್ಟೀಸ್ ಮಾಡುವಾಗ ಅದು ಯಾರಿಗೂ ಗೊತ್ತಾಗಲಿಲ್ಲ.

ಅಲ್ಲಿ ಸರಿಯಾದ ಶ್ರುತಿಯಲ್ಲಿದ್ದ ಕನ್ನಡ ಸಂಘದ ಕೀಬೋರ್ಡ್ ನಮ್ಮ ಜೊತೆ ಸೇರಿತು ನೋಡು, ಎರಡೂ ಹೊಂದಲೇ ಇಲ್ಲ...
ಮುಂದಿನ ಸಾಲಿನ ಆಂಟಿಯರು ಮುಖ ಕಿವುಚಿದರು.
ಎರಡನೇ ಹಾಡು ಮುಗಿದಾಗ ಒಬ್ಬ ಅಂಕಲ್, "ಸೌಂಡ್ ಚೆಕ್ ಇನ್ನೂ ಮುಗಿದಿಲ್ವೇನ್ರೀ?" ಅಂದರು.
ನಾನು ಭೂಮಿ ಬಾಯಿಬಿಡಲಿ ಅಂತ ನಿಂತಿದ್ದರೆ, ನೀನು ಹಲ್ಲು ಬಿಡುತ್ತಿದ್ದೆ.
"ಕೀಬೋರ್ಡ್ ದನಿ ಇಳಸು. ಪೆಟ್ಟಿಗಿದು ಮ್ಯಾಲ ತಾ. ಇದಽ ನಮ್ಮ ಸೌಂಡು."
ಅಂದಿನಿಂದ ಪ್ರತಿ ಹಾಡಿನ ತಳದಲ್ಲೂ ಅದರ ಗುಂಯ್ ಎನ್ನುವ ನಾದ...
ಅದನ್ನು ಕೇಳಿಯೇ ನ್ಯೂ ಬ್ರನ್ಸ್‌ವಿಕ್‌ನ ಬಾರಿನವರು ನಮಗೆ ಶನಿವಾರದ ಶೋ ಕೊಟ್ಟದ್ದು. ನಮ್ಮ ಮೊದಲ ನಿಜವಾದ ಶೋ.

ಇವತ್ತು ನಾನು ವಿದ್ಯಾ ಹತ್ತಿರ "ಶೋ ಕ್ಯಾನ್ಸಲ್ ಮಾಡ್ತೀನಿ" ಅಂತ ಬಾಯಿ ತೆರೆದಿದ್ದೆ ಅಷ್ಟೇ...
ಕೆಳಗೆ ಬೇಸ್‌ಮೆಂಟಿನಿಂದ ಅದೇ ಗುಂಯ್ ಕೇಳಿಸಿತು.

ಓಡಿದೆ.
ನಿನ್ನ ಮಗಳು ಅನಘಾ ನಿನ್ನ ಸ್ಟೂಲಿನ ಮೇಲೆ ಕೂತಿದ್ದಳು, ತೊಡೆಯ ಮೇಲೆ ನಿನ್ನ ಬೇಸ್.
"ಅಪ್ಪಾ, ಯು ಆರ್ ಔಟ್ ಆಫ್ ಟ್ಯೂನ್" ಎಂದು ವರ್ಷಗಟ್ಟಲೆ ರೇಗಿಸಿದವಳು...
ಫೋನಿನ ಟ್ಯೂನರ್ ಶ್ರುತಿ ತಪ್ಪಿದೆ ಎಂದು ಕೆಂಪು ತೋರಿಸುತ್ತಿತ್ತು. ಅದನ್ನು ಮಗುಚಿಟ್ಟು, ಕಣ್ಣು ಮುಚ್ಚಿ, ಪೆಟ್ಟಿಗೆಗೇ ತಂತಿ ಸೇರಿಸಿದಳು.
"ಅಂಕಲ್, ಡೋಂಟ್ ಕ್ಯಾನ್ಸಲ್. ಐ ನೋ ಆಲ್ ಹಿಸ್ ಪಾರ್ಟ್ಸ್."
ನುಡಿಸಿಯೂ ಬಿಟ್ಟಳು ಗುರು... ನೀನು ನುಡಿಸುತ್ತಿದ್ದ ಹಾಗೇ.

ಸೂತಕದಲ್ಲಿ ಸ್ಟೇಜ್ ಹತ್ತುವುದು ಹೇಗೆ ಎಂದು ನಾನು ತಡವರಿಸಿದೆ.
ಮೆಟ್ಟಿಲ ಮೇಲೆ ನಿಂತಿದ್ದ ವಿದ್ಯಾ ಕಣ್ಣೊರೆಸಿಕೊಂಡು ಅಂದರು...
"ಸೂತಕದಾಗ ಗುಡಿಗೆ ಹೋಗಬಾರದು ಅಂತಾರ. ಬಾರಿಗೆ ಹೋಗಬಾರದು ಅಂತ ಯಾರೂ ಹೇಳಿಲ್ಲ. ನುಡಸ್ರಿ."

ಹಾಗಾಗಿ ಗೆಳೆಯರೇ... ಶನಿವಾರ ಎಲ್ಲರೂ ಬನ್ನಿ. ಸೌಂಡ್ ಚೆಕ್ ಎಂದುಕೊಂಡವರೂ ಬನ್ನಿ.
ಮೊದಲು ಪೆಟ್ಟಿಗೆ, ಆಮೇಲೆ ಬೇಸ್, ಆಮೇಲೆ ನಾವು.

ಹೋಗಿ ಬಾ ಗುರು...
ನೀನಿರುವಲ್ಲಿ ನಿನ್ನ ಜೀವಕ್ಕೆ ನೆಮ್ಮದಿ ಇರಲಿ. ಅಲ್ಲೂ ಯಾರೂ ನಿನಗೆ ಟ್ಯೂನರ್ ಕೊಡದಿರಲಿ.

ಮತ್ತೆ... ಬೆಳಗಿನ ಮೆಸೇಜಿಗೆ ಉತ್ತರ.
ಆಂಪ್ ಹಿಡಿಯುತ್ತದೆ ಕಣೋ. ಈಗಷ್ಟೇ ಹಿಂದಿನ ಸೀಟ್ ಮಡಚಿ ನೋಡಿದೆ.