ಮೂಗಿನ ಮೇಲೆ ದೊಡ್ಡಪ್ಪ

ಟವೆಲಿನಲ್ಲಿ ಮುಖ ಒರೆಸಿಕೊಂಡೆ. ರಕ್ತ.

ಸಾಸಿವೆಕಾಳಿನಷ್ಟೇ. ಮೂಗಿನ ಎಡ ಹೊಳ್ಳೆಯ ಮೇಲೆ ಎದ್ದಿದ್ದ ಕಪ್ಪು ಮಚ್ಚೆಯಿಂದ ಬಂದದ್ದು. ಆ ಜಾಗ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ವರ್ಷ ನಾನೇ ಅಲ್ಲಿ ಕಾಡಿಗೆಯ ಬೊಟ್ಟು ಇಟ್ಟಿದ್ದೆ.

ಏಕಸಂಬಿಯಲ್ಲಿ ನಾನು ಮಂದಿಯ ನಕಲು ಮಾಡುವವನು. ಸಾಲಿ ಮಾಸ್ತರು, ಡೇರಿಯವರು, “ಚಲಾ, ಮಾಗೆ ಸರಕಾ” ಎಂದು ಮರಾಠಿಯಲ್ಲಿ ಮಂದಿಯನ್ನು ಹಿಂದೆ ಸರಿಯಲು ಕೂಗುವ ನಿಪ್ಪಾಣಿ ಬಸ್ಸಿನ ಕಂಡಕ್ಟರು, ಯಾರನ್ನೂ ಬಿಟ್ಟಿಲ್ಲ. ಕಬ್ಬಿನ ಗಾಣದ ಹತ್ತಿರ ಬೆಲ್ಲ ಆರುವ ತನಕ ಜನರನ್ನು ನಗಿಸುವುದು ನನ್ನ ಕೆಲಸ. ಅದು ಕೆಲಸವೇ ಅಲ್ಲ ಎಂದು ಅಪ್ಪನ ಅಭಿಪ್ರಾಯ. ಅದನ್ನೂ ಅಪ್ಪನ ದನಿಯಲ್ಲೇ ಹೇಳಿ ನಗಿಸುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುತ್ತಿದ್ದದ್ದು ಅಪ್ಪನ ಅಣ್ಣನಿಗೆ, ಅಂದರೆ ನನ್ನ ದೊಡ್ಡಪ್ಪನಿಗೆ. ನಶ್ಯ ಏರಿಸಿ ಏರಿಸಿ ಅವನ ಮೂಗು ಸದಾ ಕಟ್ಟಿರುತ್ತಿತ್ತು. ಅದರ ಎಡ ಹೊಳ್ಳೆಯ ಮೇಲೊಂದು ಕಪ್ಪು ಮಚ್ಚೆ. ಹೊಲದಿಂದ ಬಂದವನು ಬಾಗಿಲಲ್ಲಿ ನಿಂತು, ನೆಗಡಿ ಹಿಡಿದಂಥ ದನಿಯಲ್ಲಿ, “ಯಾರ ಅದೀರಿ ಒಳಗ?” ಎಂದು ಕೇಳುತ್ತಿದ್ದ. ಆ ದನಿ, ಮೇಲೊಂದು ಕಾಡಿಗೆ ಬೊಟ್ಟು. ದೊಡ್ಡಪ್ಪ ತಯಾರು. ಅವನೂ ಮುಂದೆಯೇ ಕೂತು ನೋಡಿ ನಗುತ್ತಿದ್ದ.

“ನಾ ಸತ್ತರೂ ಚಿಂತಿಲ್ಲಲೇ, ನೀ ಅದಿ,” ಎನ್ನುತ್ತಿದ್ದ.

ಸತ್ತ. ಮುಂದಿನ ಸುಗ್ಗಿಗೆ ನನ್ನ ಮೂಗಿನ ಅದೇ ಜಾಗದಲ್ಲಿ ಮಚ್ಚೆ ಎದ್ದಿತು.

ಕಾಡಿಗೆ ಉಳಿಯಿತು ಅಂದುಕೊಂಡೆ. ಗಾಣದವರು “ಈಗ ಪಕ್ಕಾ ಆತು ನೋಡ” ಎಂದರು. ನಗದೆ ಇದ್ದವಳು ದೊಡ್ಡವ್ವ ಒಬ್ಬಳೇ. ಒಂದು ಸಂಜೆ ಕರೆಂಟು ಹೋಗಿತ್ತು. ಕಂದೀಲು ಹಿಡಿದುಕೊಂಡು ಒಳಗೆ ಬಂದೆ. ಜೋಳ ಹಸನು ಮಾಡುತ್ತಿದ್ದವಳು ತಲೆಯೆತ್ತಿ ನನ್ನ ಮುಖ ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು.

ದೊಡ್ಡಪ್ಪ ಒಳಗೆ ಬಂದಾಗ ಎಳೆದುಕೊಳ್ಳುತ್ತಿದ್ದಂತೆ.

ಅಂದಿನಿಂದ ಅವನ ಹಿತ್ತಾಳೆ ಬಟ್ಟಲಿನಲ್ಲೇ ನನಗೆ ಚಹಾ. ರಕ್ತ ಬಂದದ್ದನ್ನು ತೋರಿಸಿದಾಗ, “ನಶ್ಯಾ ಹೆಚ್ಚಾದ್ರ ಅವರಿಗೂ ಬರತಿತ್ತಪಾ. ಗಂಧ ಹಚ್ಚು,” ಎಂದಳು. ಹಚ್ಚಿದೆ. ಮನೆಯಲ್ಲಿ ಯಾರಿಗೂ ಅದು ರೋಗವಾಗಿ ಕಾಣಲಿಲ್ಲ. ಹಿರಿಯರು ಬಂದು ಕೂತ ಗುರುತನ್ನು ಡಾಕ್ಟರಿಗೆ ತೋರಿಸುವುದುಂಟೆ? ಊರನ್ನೆಲ್ಲ ಆಡಿಕೊಳ್ಳುವ ನಾನು ಇದೊಂದನ್ನು ಮಾತ್ರ ಬಾಯಿ ಮುಚ್ಚಿಕೊಂಡು ನಂಬಿದೆ. ಒಣಗುವುದು, ಒಡೆಯುವುದು, ಮತ್ತೆ ಒಣಗುವುದು. ಇನ್ನೊಂದು ಸುಗ್ಗಿ ಕಳೆಯಿತು. ನಡುವೆ ಕುಳಿ ಬಿತ್ತು. ಅಂಚು ಮುತ್ತಿನ ಹಾಗೆ ಮಿನುಗತೊಡಗಿತು.

ದೊಡ್ಡಪ್ಪನ ಮಚ್ಚೆಗೆ ಕುಳಿ ಇರಲಿಲ್ಲ. ನಕಲು ಮಾಡುವವನಿಗೆ ನಕಲಿನಲ್ಲಿಯ ತಪ್ಪು ಬೇಗ ಕಾಣುತ್ತದೆ. ಆಗ ಹೆದರಿದೆ.

ಅಪ್ಪ ಮತ್ತು ನಾನು ಕಾಗವಾಡ ದಾಟಿ ಮಿರಜಿಗೆ ಹೋದೆವು. ಡಾಕ್ಟರು ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಮತ್ತೆ ಹೋದೆವು.

“ಬೇಸಲ್ ಸೆಲ್ ಕಾರ್ಸಿನೋಮಾ,” ಎಂದರು.

“ಅಂದ್ರ?” ಅಪ್ಪ ಕೇಳಿದ.

“ಚರ್ಮದ ಕ್ಯಾನ್ಸರ್ರೀ.”

ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಗಾಬರಿ ಆಗಬ್ಯಾಡ್ರಿ. ಇದು ಮೈಯೆಲ್ಲಾ ಹಬ್ಬೂದು ಭಾಳ ಅಪರೂಪ. ಆದ್ರ ಕುಂತಲ್ಲೇ ತಿಂತೈತಿ. ಬಿಟ್ರ ಮೂಗ ಉಳಿಯೂದಿಲ್ಲ.”

“ಕಾಡಿಗಿ ಹಚ್ಚಿದ್ದಕ್ಕ ಬಂತೇನ್ರಿ?” ಎಂದೆ.

“ಕಾಡಿಗಿಲಿಂದ ಬರೂದಿಲ್ಲ. ಆದ್ರ ಇಷ್ಟ ಸಣ್ಣ ವಯಸ್ಸಿಗೆ ಯಾಕ ಬಂತು, ಅದೂ ಅಲ್ಲೇ ಯಾಕ ಬಂತು, ಅದನ್ನ ನನಗ ಕೇಳಬ್ಯಾಡ.”

ಮಚ್ಚೆಯನ್ನು ಸುತ್ತಲಿನ ಚರ್ಮದೊಂದಿಗೆ ಕತ್ತರಿಸುವುದು. ಹಣೆಯಿಂದ ಒಂದು ಪಟ್ಟಿ ಚರ್ಮ ಇಳಿಸಿ ಆ ಗುಂಡಿಗೆ ಹೊಲಿಯುವುದು. ಅದಕ್ಕೆ ಫ್ಲ್ಯಾಪ್ ಎನ್ನುತ್ತಾರೆ. ನನ್ನ ಹಣೆ ಅಳೆದು, “ಸಣ್ಣದೈತಿ, ಪಟ್ಟಿ ತಲಿಗೂದಲತನ ಹೋಗತೈತಿ. ಮೂಗಿನ ಮ್ಯಾಲ ಕೂದಲಾ ಬಂದೀತು,” ಎಂದರು ಡಾಕ್ಟರು. ನಾನು ಕೇಳಿದ್ದು ಒಂದೇ: “ನನ್ನ ದನಿ?”

“ಮೂಗ ಬದಲಾದ್ರ ಒಂದೀಟ ಬದಲಾಗಬಹುದು.”

ಊರ ಮಂದಿಯ ದನಿಯೆಲ್ಲ ಇಟ್ಟುಕೊಂಡವನಿಗೆ ತನ್ನದೊಂದೇ ಕಳೆದರೆ? ಕ್ಯಾನ್ಸರಿಗಿಂತ ಅದಕ್ಕೇ ಹೆಚ್ಚು ಅಂಜಿದೆ. ಹುಚ್ಚು.

ಆಪರೇಷನ್ನಿಗೆ ಹೊರಡುವ ಮುಂಜಾನೆ ದೊಡ್ಡವ್ವ ಬಾಗಿಲಿಗೆ ಬರಲಿಲ್ಲ. ಒಳಗಿನಿಂದಲೇ ಅಂದಳು: “ಕೊಯ್ಯಿಸಿದ್ರ ಅವರ್ನ ಎರಡನೇ ಸಲ ಕಳಿಸಿದಂಗ.”

ಲೋಕಲ್ ಅನಸ್ತೇಶಿಯಾ ಕೊಟ್ಟರು. ಕಣ್ಣಿನ ಮೇಲೆ ಹಸಿರು ಬಟ್ಟೆ. ನೋವಿಲ್ಲ. ಸದ್ದು ಮಾತ್ರ. ಕಬ್ಬಿನ ಸಿಪ್ಪೆ ಸುಲಿಯುವ ಸದ್ದು, ಆದರೆ ಬುರುಡೆಯ ಒಳಗಿನಿಂದ. ಟ್ರೇಯಲ್ಲಿ ಏನೋ ಟಪ್ಪೆಂದು ಬಿತ್ತು. ದೊಡ್ಡಪ್ಪ, ಅಂದುಕೊಂಡೆ.

ವಾರ್ಡಿಗೆ ತಂದ ಮೇಲೆ ಕಣ್ಣು ಬಾತು ಮುಚ್ಚಿಹೋದವು. ಮೂಗಿನ ತುಂಬ ಹತ್ತಿ. ಪಕ್ಕದಲ್ಲಿ ಯಾರೋ ಉಸಿರಾಡುತ್ತಿದ್ದರು. ಯಾರೆಂದು ಕೇಳಲು ಬಾಯಿ ತೆರೆದೆ. ನಕಲು ಮಾಡಬೇಕೆಂದಿರಲಿಲ್ಲ, ಆಣೆಗೂ. ಆದರೆ ಹೊರಗೆ ಬಂದದ್ದು ಅದೇ ಮಾತು, ಅದೇ ಕಟ್ಟಿದ ದನಿ.

“ಯಾರ ಅದೀರಿ ಒಳಗ?”

ಕುರ್ಚಿ ಸರಿದ ಸದ್ದು. ಅಪ್ಪ ಎದ್ದು ನಿಂತಿದ್ದ.

“ನಾನ, ಅಣ್ಣಾ.”

ಇಷ್ಟು ವರ್ಷ ದೊಡ್ಡಪ್ಪನನ್ನು ನಾನು ಕರೆಯುತ್ತಿದ್ದೆ, ಕರೆದಾಗ ಬರುತ್ತಿದ್ದ, ಸಾಕೆಂದಾಗ ಹೋಗುತ್ತಿದ್ದ. ಕರೆಯದೆ ಬಂದದ್ದು ಅದೇ ಮೊದಲು, ಮತ್ತು ಅವನನ್ನು ಕಳಿಸುವ ಬಗೆ ನನಗೆ ಗೊತ್ತಿರಲಿಲ್ಲ.

ಈಗ ಮನೆಯಲ್ಲಿದ್ದೇನೆ. ಹುಬ್ಬಿನಿಂದ ಮೂಗಿಗೆ ಮಾಂಸದ ಸೊಂಡಿಲು ಇಳಿಬಿದ್ದಿದೆ. ಮೂಗಿನಲ್ಲಿ ಆ ಚರ್ಮ ಬೇರೂರುವ ತನಕ ಅದು ಇರಬೇಕಂತೆ. ಕನ್ನಡಿ ನೋಡಿದಾಗ ನಕಲು ಮಾಡಲು ಇಂಥ ಒಳ್ಳೆಯ ಮುಖ ಈ ತಾಲೂಕಿನಲ್ಲಿ ಇನ್ನೊಂದಿಲ್ಲ ಅನಿಸಿತು. ಮೂಗಿನ ಮೇಲೆ ನೊಣ ಕೂತರೆ ಹಣೆ ತುರಿಸುತ್ತದೆ. ಚರ್ಮ ಇಳಿದು ಬಂದರೂ ಅದರ ನರ ಇನ್ನೂ ಹಣೆಯದೇ ಎಂದು ಡಾಕ್ಟರು ಹೇಳಿದ್ದಾರೆ. ಕತ್ತರಿಸಿದ ಚೂರಿನ ರಿಪೋರ್ಟೂ ಬಂದಿದೆ. ಅಂಚುಗಳಲ್ಲಿ ಏನೂ ಉಳಿದಿಲ್ಲ. ಆದರೂ ತಪಾಸಣೆಗೆ ಹೋಗುತ್ತಲೇ ಇರಬೇಕು.

ಇಂದು ಮುಂಜಾನೆ ದೊಡ್ಡವ್ವ ಬಸದಿಯಿಂದ ಬಟ್ಟಲಿನಲ್ಲಿ ಗಂಧೋದಕ ತಂದಳು. ಅಭಿಷೇಕದ ನೀರು, ನಮ್ಮಲ್ಲಿ ಎಲ್ಲರ ಹಣೆಗೂ ಹಚ್ಚುತ್ತಾರೆ. ನಾನು ಬಂದ ಮೇಲೆ ಹತ್ತಿರ ಬಂದದ್ದು ಇದೇ ಮೊದಲು. ಮುಖ ನೋಡಿದಳು. ಸೆರಗು ಹೆಗಲ ಮೇಲೆಯೇ ಇತ್ತು.

“ಅವರು ಹ್ವಾದ್ರೇನು?”

“ಹ್ವಾದ್ರು, ದೊಡ್ಡವ್ವಾ.”

ಆ ಎರಡು ಮಾತಿನ ಕಟ್ಟಿದ ದನಿ ಕೇಳಿ ಕಣ್ಣು ಮುಚ್ಚಿಕೊಂಡಳು. “ಮತ್ತ ಈ ದನಿ?”

“ಬಾವು ಇಳದ ಮ್ಯಾಲ ಹೋಗತೈತಂತ.”

“ಇಳೀಲಿ ಸಾವಕಾಶ,” ಎಂದಳು. “ಅವಸರಿಲ್ಲಪಾ.”

ಹಣೆಯ ತುಂಬ ಬ್ಯಾಂಡೇಜು. ಬಟ್ಟಲಲ್ಲಿ ಅದ್ದಿದ ಬೆರಳು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ, “ನಿನ್ನ ಹಣಿ ಈಗ ಇಲ್ಲೈತೆಲ್ಲೋ,” ಎಂದು ಮೂಗಿಗೆ ಹಚ್ಚಿದಳು.

ತಂಪು ಹಣೆಗೆ ತಾಗಿತು. ಬ್ಯಾಂಡೇಜಿನ ಅಡಿಗೆ, ಯಾರ ಬೆರಳೂ ಹೋಗದ ಕಡೆ.