ನಡುಗುವ ಕಾರು, ಸೊಸೆಯ ಕಾಲು

ನಮ್ಮ ಕಾರು ಬ್ರೇಕ್ ಹಾಕಿದಾಗ ನಡುಗಲು ಶುರುವಾದ ದಿನದಿಂದ ನಮ್ಮ ಮನೆಯ ಗಂಡಸರೆಲ್ಲ ಡಾಕ್ಟರಾದರು. ರೋಗ ಏನೆಂದು ಒಬ್ಬರಿಗೂ ಗೊತ್ತಿರಲಿಲ್ಲ. ರೋಗ ತಂದವಳು ಯಾರೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು: ನನ್ನ ಸೊಸೆ.

ಕಾರು ಹೊಸದಲ್ಲ, ಮುಧೋಳದ ಒಬ್ಬ ಮನುಷ್ಯ ಓಡಿಸಿ ಬಿಟ್ಟದ್ದು. ಕೊಳ್ಳುವ ದಿನ ನಾನೂ ಹೋಗಿದ್ದೆ. ಮಾರುವವನು ಅದರ ಮೂತಿಯ ಮೇಲೆ ಕೈಯಾಡಿಸುತ್ತ, "ನಮ್ಮೂರ ಬೇಟಿ ನಾಯಿ ಓಡಿದಂಗ ಓಡತೈತ್ರಿ ಯವ್ವಾರ" ಅಂದ.

"ಓಡೂದು ಇರಲಿ ಬಿಡಪಾ. ನಿಂದರತೈತೋ ಇಲ್ಲೋ, ಅದನ್ನ ಹೇಳು" ಅಂದೆ.

ಮಗ ನನ್ನ ಸೆರಗು ಜಗ್ಗಿದ, ಊರ ಮುಂದೆ ಮಾನ ಹೋದವರ ಮುಖ ಮಾಡಿಕೊಂಡು. ಆದರೆ ಖರೆ ಹೇಳಬೇಕು, ಆಗ ಅದು ಚೆನ್ನಾಗಿಯೇ ನಿಲ್ಲುತ್ತಿತ್ತು.

ಅದನ್ನು ತಂದದ್ದು ಸೊಸೆಗಾಗಿ. ನಮ್ಮ ಮನೆ ಜಮಖಂಡಿಯ ಅಂಚಿನಲ್ಲಿ. ಅವಳು ಕಲಿಸುವ ಶಾಲೆ ಬೀಳಗಿಯ ಆಚೆ ಒಂದು ಹಳ್ಳಿಯಲ್ಲಿ. ಕಾರು ಬರುವ ಮುಂಚೆ ಅವಳು ಬೆಳಕು ಹರಿಯುವ ಮೊದಲೇ ಎದ್ದು ಮೊದಲನೆಯ ಬಸ್ಸು ಹಿಡಿಯುತ್ತಿದ್ದಳು. ಬೀಳಗಿಯಲ್ಲಿ ಇಳಿದು ಟಂಟಂ ಆಟೋಗೆ ಕಾದು, ಅದು ತುಂಬುವ ತನಕ ಕೂತು, ಶಾಲೆ ಮುಟ್ಟುವಾಗ ಪ್ರಾರ್ಥನೆ ಮುಗಿದಿರುತ್ತಿತ್ತು. ಇತ್ತ ಮನೆಯ ರೊಟ್ಟಿಯೆಲ್ಲ ನನ್ನ ರಟ್ಟೆಗೆ ಬೀಳುತ್ತಿತ್ತು. ಕಾರು ಬಂದ ಮೇಲೆ ಅವಳು ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು, ತಲೆ ಬಾಚಿಕೊಂಡು ಹೋಗತೊಡಗಿದಳು. ಹಾಗಾಗಿ ಮುಂದೆ ನಾನು ಅವಳ ಕಡೆ ನಿಂತದ್ದು ಪ್ರೀತಿ ಉಕ್ಕಿ ಹರಿದು ಅಂತ ಯಾರೂ ತಿಳಿಯಬೇಡಿ. ನನ್ನ ರಟ್ಟೆ ನೋಯುತ್ತಿದ್ದವು, ಅಷ್ಟೇ.

ನನ್ನ ಗಂಡನಿಗೆ ಹೆಂಗಸರು ಕಾರು ಓಡಿಸುವುದು ಮೊದಲಿಂದಲೂ ಸೇರುತ್ತಿರಲಿಲ್ಲ. ಅವನು ತನ್ನ ಕಾಲದಲ್ಲಿ ಎತ್ತಿನ ಬಂಡಿ ಹೊಡೆದವನು, ಕಾರ್ಖಾನೆಗೆ ಕಬ್ಬು ಹೇರಿದವನು. ಆ ಬಂಡಿ ಹೋಗಿ ಎಷ್ಟೋ ಕಾಲವಾಯಿತು, ಬಂಡಿಯ ಜಂಬ ಹೋಗಲಿಲ್ಲ. ಬಂಡಿಯ ರಿವಾಜೂ ಹೋಗಲಿಲ್ಲ. ಕಟ್ಟಿಗೆಯ ಗಾಲಿ ಬಿಸಿಲಿಗೆ ಒಣಗಿ ಕುಗ್ಗಿದರೆ ಅದರ ಕಬ್ಬಿಣದ ಪಟ್ಟಿ ಸಡಿಲಾಗುತ್ತದೆ. ಅದಕ್ಕೆ ಬಂಡಿ ಮನೆಗೆ ಬಂದ ಕೂಡಲೇ ಗಾಲಿಗೆ ಕೊಡದ ನೀರು ಸುರಿಯುತ್ತಿದ್ದರು. ಗಾಲಿಗೆ ನೀರಾಗದೆ ಮನೆಯವರು ಬಾಯಿಗೆ ನೀರು ಹಾಕಿಕೊಳ್ಳುತ್ತಿರಲಿಲ್ಲ. ಅವರಪ್ಪ ಹಾಗೆ ಮಾಡಿದ್ದ, ಇವನೂ ಹಾಗೆ ಮಾಡಿದ.

ಕೆಲವು ತಿಂಗಳು ಕಾರು ಸುಮ್ಮನಿತ್ತು. ಆಮೇಲೆ ಒಂದು ಸಂಜೆ ಸೊಸೆ ಬಂದು, "ಬ್ರೇಕ್ ಒತ್ತಿದ್ರ ಸ್ಟೇರಿಂಗ್ ಗದಗದ ನಡಗತೈತ್ರಿ" ಅಂದಳು.

ಮಗ ಓಡಿಸಿ ನೋಡಿದ, ನಡುಗಿತು. ಮಾರನೆಯ ದಿನದಿಂದ ಚಿಕಿತ್ಸೆ ಶುರುವಾಯಿತು. ಜಮಖಂಡಿಯ ಟೈರಿನ ಅಂಗಡಿಯವನು ತೂಕ ಸರಿ ಮಾಡಲು ಗಾಲಿಗಳಿಗೆ ಸೀಸದ ತುಂಡು ಬಡಿದು ಕಳಿಸಿದ, ನಡುಕ ಹಾಗೇ ಇತ್ತು. ಮುಧೋಳದಲ್ಲಿ ಒಬ್ಬ ಬ್ರೇಕಿನ ಪ್ಯಾಡ್ ಬದಲಿಸಿದ. ಎರಡು ದಿನ ಕಡಿಮೆಯಾದಂತೆ ಕಂಡಿತು. ದುಡ್ಡು ಕೊಟ್ಟವರಿಗೆ ಹಾಗೆ ಕಾಣುತ್ತದೆ. ಮಗನ ಗೆಳೆಯನೊಬ್ಬ ಬಂದು ಬಾಗಿಲನ್ನು ಧಡ್ ಧಡ್ ಹಾಕಿ ತೆಗೆದು, "ಸಸ್ಪೆನ್ಶನ್" ಅಂದು ಚಹಾ ಕುಡಿದು ಹೋದ. ನನ್ನ ಮೈದುನ ನಾಲ್ಕು ಗಾಲಿಯ ಕೆಳಗೆ ನಿಂಬೆಹಣ್ಣು ಇಡಿಸಿದ. ಹಣ್ಣು ಅಪ್ಪಚ್ಚಿಯಾದವು.

ಕೊನೆಗೆ ಬನಹಟ್ಟಿಯ ಒಬ್ಬ ಮಿಸ್ತ್ರಿಯ ಹತ್ತಿರ ಒಯ್ದರು. ಅವನು ಗಾಲಿ ಬಿಚ್ಚಿ, ಒಳಗೆ ಇರುವ ಕಬ್ಬಿಣದ ತಟ್ಟೆ, ಅಂದರೆ ಡಿಸ್ಕು, ಸೊಟ್ಟಾಗಿದೆ ಅಂದ. ಬ್ರೇಕ್ ಒತ್ತಿದಾಗ ಪ್ಯಾಡುಗಳು ಆ ತಟ್ಟೆಯನ್ನೇ ಎರಡು ಕಡೆಯಿಂದ ಹಿಡಿಯುತ್ತವಂತೆ. ತಟ್ಟೆ ಸಪಾಟಿಲ್ಲದಿದ್ದರೆ ಹಿಡಿತ ಕುಣಿಯುತ್ತದಂತೆ. ಲೇತಿಗೆ ಹಾಕಿಸಿ ತಟ್ಟೆಯ ಮೈ ಸಪಾಟು ಮಾಡಿಸಿ ಕೊಟ್ಟ. ಕಾರು ಗಪ್ಪಾಯಿತು. ಎಲ್ಲರೂ ಹೊಟ್ಟೆ ತುಂಬ ಉಂಡರು.

ಸ್ವಲ್ಪ ದಿನಕ್ಕೆ ಮತ್ತೆ ನಡುಗಿತು.

ಇನ್ನು ಯಾರಿಗೂ ಸಂಶಯ ಉಳಿಯಲಿಲ್ಲ. ಮಗ ಅಂದ, "ಯವ್ವಾ, ಆಕೀ ಕಾಲ ಸುಮ್ಮ ಇರೂದಿಲ್ಲ. ಮಾತಿಗೊಮ್ಮಿ ಬ್ರೇಕ್ ತುಳೀತಾಳ. ಹೊಸಾದು ಹಾಕಿಸಿದ್ರೂ ಕೆಡಸ್ತಾಳ."

ನನ್ನ ಗಂಡ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟ. "ಎತ್ತಿನ ಹಗ್ಗ ಹೆಂಗಸರ ಕೈಯಾಗ ಕೊಡತಿದ್ವೇನ ನಾವು?"

"ಹಗ್ಗ ನಿಮ್ಮ ಕೈಯಾಗ ಇದ್ದಾಗ ಬಂಡಿ ಹಳ್ಳದಾಗ ಬಿದ್ದಿತ್ತಲ್ರಿ, ಆಗ?" ಅಂದೆ.

"ಅದು ಎತ್ತಿನ ತಪ್ಪು."

"ಹೌದ್ ಬಿಡ್ರಿ. ನಿಮ್ಮ ಹತ್ತರ ಇದ್ದವರದ ಯಾವಾಗ್ಲೂ ತಪ್ಪು."

ಮಗ ಕಾರು ಮಾರುವುದೆಂದು ಹೇಳಿಬಿಟ್ಟ. ರನ್ನ ಬೆಳಗಲಿಯ ಒಬ್ಬರು ರವಿವಾರ ನೋಡಲು ಬರುವವರಿದ್ದರು. ಸೊಸೆ ಮತ್ತೆ ಬಸ್ಸಿಗೆ, ನಾನು ಮತ್ತೆ ಹಿಟ್ಟಿಗೆ. ಸೊಸೆ ಅಳಲಿಲ್ಲ. "ಮಾರೂದಕಿಂತ ಮೊದಲ ಇನ್ನೊಂದ ಸಲ ಮಿಸ್ತ್ರಿಗಿ ತೋರಸೂಣ್ರಿ" ಅಂತ ಒಂದೇ ಮಾತು ಹೇಳಿದಳು. ಮಗ ಹಲ್ಲು ಕಡಿದು ಒಪ್ಪಿದ. ಈ ಸಲ ನಾನೂ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ಇವರ ಬಾಯಿಂದ ಕೇಳಿ ಸಾಕಾಗಿತ್ತು.

ಮಿಸ್ತ್ರಿ ತಾನೇ ಓಡಿಸಿದ. ಬನಹಟ್ಟಿ ದಾಟಿ, ರಸ್ತೆ ಖಾಲಿ ಕಂಡಲ್ಲಿ ಜೋರು ಮಾಡಿ, ಸ್ಟೇರಿಂಗನ್ನು ಬೆರಳ ತುದಿಯಲ್ಲಷ್ಟೇ ಹಿಡಿದ. "ಆಯಿ, ಈಗ ನಡಗತೈತೇನ್ರಿ?"

"ಇಲ್ಲ."

"ಅಂದ್ರ ಟೈರಿಂದಲ್ಲ. ಈಗ ನೋಡ್ರಿ." ಬ್ರೇಕ್ ಒತ್ತಿದ. ಸ್ಟೇರಿಂಗು ಚಳಿಜ್ವರ ಬಂದಂತೆ ನಡುಗಿತು. ಮತ್ತೆ ಜೋರು ಮಾಡಿದ, ಈ ಸಲ ಕಾಲು ಒತ್ತದೆ ಕೈಬ್ರೇಕನ್ನು ನಿಧಾನವಾಗಿ ಜಗ್ಗಿದ. ಕಾರು ಸುಮ್ಮನೆ ನಿಂತಿತು. "ಇದು ಹಿಂದಿನ ಗಾಲಿ ಅಷ್ಟ ಹಿಡೀತೈತ್ರಿ. ನಡಗಲಿಲ್ಲ. ಹಂಗಾರ ರೋಗ ಮುಂದಿನ ಗಾಲಿದಽ."

ಬಾಯಿ ಮುಚ್ಚಿಕೊಂಡು ಒಂದೊಂದನ್ನೇ ಬೇರೆ ಮಾಡಿ ನೋಡುವುದು ಇಷ್ಟು ಸುಲಭ. ನಮ್ಮವರಿಗೆ ಬಾಯಿ ಮುಚ್ಚುವುದೇ ಆಗಿರಲಿಲ್ಲ.

ಅಂಗಡಿಗೆ ಬಂದು ಗಾಲಿ ಬಿಚ್ಚಿ, ಗಡಿಯಾರದಂಥ ಮುಳ್ಳಿನ ಸಾಮಾನೊಂದನ್ನು ತಟ್ಟೆಗೆ ತಾಗಿಸಿ ತಿರುಗಿಸಿದ. ಮುಳ್ಳು ಹಿಂದೆ ಮುಂದೆ ಆಡಿತು. ಅವನು ತಲೆ ಕೆರೆದುಕೊಂಡ. "ಹೋದ ಸಲ ನಾನಽ ಸಪಾಟ ಮಾಡಿಸೇನಿ. ಇಷ್ಟ ಲಗೂ ಸೊಟ್ಟ ಆಗೂದಿಲ್ರಿ ಇದು. ಗಾಡಿ ಓಡಿಸಿ ಬಂದ ಕೂಡ್ಲೆ, ಕಾದ ಗಾಲಿಗಿ ಥಣ್ಣೀರ ಹೊಡದ ತೊಳೀತೀರೇನು?"

ಮಗ ನಕ್ಕ. "ನಮಗೇನ ಹುಚ್ಚ ಹಿಡದೈತೇನ್ರಿ? ರವಿವಾರ ಮುಂಜಾನೆ ತೊಳೀತೀವಿ. ಗಾಡಿ ಆರಿರತೈತಿ."

"ಹಂಗಾರ ಓಡಸವ್ರು ಬ್ರೇಕಿನ ಮ್ಯಾಲ ಕಾಲ ಇಟ್ಟಽ ಓಡಸ್ತಿರಬೇಕ್ರಿ."

ಮಗ ಸೊಸೆಯ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಕುಸ್ತಿ ಗೆದ್ದವನು ಕೆಳಗೆ ಬಿದ್ದವನನ್ನು ನೋಡಿದ ಹಾಗಿತ್ತು. ಹೆಂಡತಿಯನ್ನು ಸೋಲಿಸಿ ಇಷ್ಟು ಹಿಗ್ಗುವವನನ್ನು ನಾನು ಹೆತ್ತಿದ್ದೇನೆ.

ಮರಳಿ ಬರುವಾಗ ಅವನೇ ಓಡಿಸಿದ. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದಲ್ಲಿ, ಹಂಪ್ ಬಂದಲ್ಲಿ, ನಾಯಿ ಬಂದಲ್ಲಿ, ಕೊನೆಯ ಗಳಿಗೆಗೆ ಧಡಕ್ಕನೆ ತುಳಿಯುತ್ತಿದ್ದ. ಕಾರು ನಡುಗುತ್ತಿತ್ತು.

"ಈಗ ಯಾರ ಕಾಲೋ ಅದು?" ಅಂದೆ.

"ಒಮ್ಮಿ ಕೆಡಿಸಿದ ಮ್ಯಾಲ ಯಾರ ತುಳದ್ರೂ ನಡಗತೈತಿ ಯವ್ವಾ."

ಸೊಸೆ ನನ್ನ ಪಕ್ಕ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದಳು. "ಸೋಮವಾರದಿಂದ ಮೊದಲನೇ ಬಸ್ಸಿಗಿ ಹೋಗ್ತೀನ್ರಿ ಅತ್ತಿ" ಅಂದಳು. ನನಗೆ ಜೋಳದ ಹಿಟ್ಟಿನ ಡಬ್ಬಿಯೇ ಕಣ್ಣ ಮುಂದೆ ಬಂದಿತ್ತು.

ಮನೆಯ ಮುಂದೆ ಕಾರು ನಿಂತಿತು. ಕಟ್ಟೆಯ ಮೇಲಿಂದ ನಮ್ಮ ಮುದುಕ ಎದ್ದ. ಪಕ್ಕದಲ್ಲಿ ತುಂಬಿಸಿ ಇಟ್ಟಿದ್ದ ಕೊಡ ಎತ್ತಿಕೊಂಡ. ನಾವಿನ್ನೂ ಇಳಿಯುತ್ತಿದ್ದೆವು, ಅವನು ಬಂದು ಮುಂದಿನ ಗಾಲಿಗೆ ಅರ್ಧ ಕೊಡ ಸುರಿದ.

ಚುಂಯ್ ಅಂದಿತು. ಗಾಲಿಯ ಸಂದಿಯಿಂದ ಹಬೆ ಎದ್ದಿತು.

ಆ ಹೊತ್ತಿಗೆ ದಿನವೂ ನಾನು ಒಲೆಯ ಮುಂದೆ ಇರುವವಳು. ಆ ಸದ್ದು ಅಡುಗೆಮನೆಗೆ ಕೇಳುವುದಿಲ್ಲ. ಆದರೆ ಅದು ಎಂಥ ಸದ್ದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಾದ ರೊಟ್ಟಿ ಹಂಚಿಗೆ ನೀರು ಸುರಿದರೆ ಬರುವ ಸದ್ದು. ಹಾಗೆ ಮಾಡಿದ ಹಂಚು ಸೊಟ್ಟಾಗಿ, ಒಲೆಯ ಮೇಲೆ ಕುಂಟುತ್ತದೆ, ರೊಟ್ಟಿ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಉಳಿಯುತ್ತದೆ. ಇದು ನಮ್ಮ ಓಣಿಯ ಯಾವ ಹೆಣ್ಣಿಗೆ ಗೊತ್ತಿಲ್ಲ?

ಮುದುಕ ಆಚೆ ಗಾಲಿಗೆ ಹೊರಟಿದ್ದ. ನಾನು ಕೊಡ ಹಿಡಿದುಕೊಂಡೆ.

"ಲೇ," ಅಂದೆ ಮಗನಿಗೆ, "ಮಿಸ್ತ್ರಿ ನಿನ್ನ ಏನ ಕೇಳಿದ?"

"ಬಿಸಿ ಗಾಡಿ ತೊಳೀತೀರೇನ ಅಂದ."

"ನಿಮ್ಮಪ್ಪ ಈಗ ಏನ ಮಾಡಾಕತ್ತಾನ?"

"ಗಾಲಿಗಿ ನೀರ ಹಾಕಾಕತ್ತಾನ." ಮಗ ನನಗೇ ತಲೆ ಕೆಟ್ಟಿದೆ ಎಂಬಂತೆ ನೋಡಿದ. "ಅದು ತೊಳಿಯೂದಲ್ಲಲಾ ಯವ್ವಾ. ಅದು ಪದ್ಧತಿ."

ಕೇಳಿಸಿಕೊಂಡಿರಾ? ತೊಳೆದರೆ ನೀರು, ಪದ್ಧತಿಗೆ ಸುರಿದರೆ ಅದು ನೀರಲ್ಲ. ಕಬ್ಬಿಣಕ್ಕೆ ಈ ಭೇದ ಯಾರಾದರೂ ಹೇಳಿಕೊಡಬೇಕಿತ್ತು.

ಮುದುಕ ಕೊಡ ಜಗ್ಗಾಡಿದ. "ಬಿಡು. ಗಾಲಿ ದಣದ ಬಂದಾವ. ನೀರ ಕುಡೀಲಿ."

"ಕಟಗಿ ಗಾಲಿ ಕುಡೀತಿತ್ರಿ. ಕಬ್ಬಿಣ ಯಾವಾಗ ನೀರ ಕುಡದೈತಿ?"

"ನಮ್ಮಪ್ಪ..."

"ನಿಮ್ಮಪ್ಪ ಕಾರ ನೋಡಿರಲಿಲ್ಲ."

ಸೊಸೆ ಮೆಲ್ಲಗೆ ಅಂದಳು, "ಹೊಗಿ ಬರೂದ ನಾನೂ ದಿನಾ ನೋಡೇನ್ರಿ ಅತ್ತಿ. ಬ್ಯಾಡ ಅಂದ್ರ ಮಾವ ಏನ ತಿಳಕೋತಾರೋ ಅಂತ..."

ಅವಳ ಮೇಲೂ ನನಗೆ ಸಿಟ್ಟು ಬಂತು. "ಊರ ಮಂದಿ ನಿನ್ನ ಕಾಲಿಗಿ ಹೆಸರ ಇಡಾಕತ್ತಿದ್ರು, ನೀ ಮರ್ಯಾದಿ ಮಾಡಕೋತ ನಿಂತಿದ್ದಿ? ಸಾಲಿ ಹುಡುಗರಿಗೂ ಇದನ್ನಽ ಕಲಸ್ತಿ?"

ಮಗ ಮಿಸ್ತ್ರಿಗೆ ಫೋನು ಹಚ್ಚಿದ. ಅತ್ತ ಕಡೆಯ ನಗೆ ನಮಗೆಲ್ಲ ಕೇಳಿಸಿತು. "ದಿನಾ? ಕೊಡದಲೆ? ಯಪ್ಪಾ! ಡಿಸ್ಕ್ ಹೊಸಾವ ಹಾಕಸ್ರಿ. ಆದ್ರ ನೀರ ಹಾಕವ್ರನ್ನ ಬಿಡಸ್ರಿ ಮೊದಲ."

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗಂಡಸಿನ ಮೂಗು ಅಷ್ಟು ಬೇಗ ಇಳಿಯುವುದಿಲ್ಲ. ಕಾರು ಇಟ್ಟುಕೊಂಡರೆ ಹೆಂಡತಿಯ ಕಾಲಿನ ತಪ್ಪಿರಲಿಲ್ಲ ಎಂದು ದಿನವೂ ಬಾಗಿಲಲ್ಲಿ ನಿಂತು ಒಪ್ಪಿಕೊಂಡ ಹಾಗೆ. ಅದಕ್ಕಿಂತ ಮಾರಿಬಿಡುವುದು ಅವನಿಗೆ ಸುಲಭ. "ಮಾತ ಕೊಟ್ಟೇನಿ ಯವ್ವಾ, ಬರವ್ರಿಗಿ ಏನ ಹೇಳ್ಲಿ?" ಅಂದ. ಹೆಂಡತಿಯ ಕಾಲಿನ ಮೇಲೆ ಹೊರಿಸಿದ ಮಾತು ಮಾತಲ್ಲ, ರನ್ನ ಬೆಳಗಲಿಯವರಿಗೆ ಕೊಟ್ಟದ್ದು ಮಾತು.

ರವಿವಾರ ಅವರು ಬಂದರು. ತಲೆಗೆ ದೊಡ್ಡ ಪಟಕಾ ಸುತ್ತಿದ ಮನುಷ್ಯ, ಕಾರಿನ ಸುತ್ತ ಎರಡು ಸುತ್ತು ಹಾಕಿ ಕೇಳಿದ, "ಛಲೋ ಐತಲ್ರಿ. ಯಾಕ ಮಾರಾಕತ್ತೀರಿ?"

ಮಗ ಅಪ್ಪನನ್ನು ನೋಡಿದ. ಅಪ್ಪ ಕೊಡವನ್ನು ನೋಡಿದ.

ಸೊಸೆ ಒಳಗಿಂದ ಬಂದಳು. ಕಾರಿನ ಕೀಲಿ ಅವಳ ಮುಷ್ಟಿಯಲ್ಲಿತ್ತು. "ಮಾರೂದಿಲ್ರಿ ಅಣ್ಣಾರ. ನನಗ ಬೇಕು. ನಿಮಗ ಸುಮ್ಮ ತ್ರಾಸ ಆತು, ಚಹಾ ಕುಡದ ಹೋಗ್ರಿ."

ಆ ಮನುಷ್ಯ ಮಗನ ಬಾಯಿಂದ ಏನಾದರೂ ಬರುತ್ತದೆಯೇ ಎಂದು ಕಾದ. ಬರುವ ಮುಂಚೆ ನಾನೇ ಕೇಳಿದೆ, "ಸಕ್ಕರಿ ಮುಂದ ಹಾಕ್ಲೇನ್ರಿ, ಕಮ್ಮಿ ಹಾಕ್ಲಿ?"

"ಮುಂದ ಇರಲಿ ಬಿಡ್ರಿ" ಅಂದ ಪುಣ್ಯಾತ್ಮ, ಕಟ್ಟೆಯ ಮೇಲೆ ಕೂತ.

ಹೊಸ ಡಿಸ್ಕುಗಳನ್ನು ಸೊಸೆಯೇ ಬನಹಟ್ಟಿಗೆ ಹೋಗಿ ಹಾಕಿಸಿಕೊಂಡು ಬಂದಳು. ಗಂಡ ಜೊತೆಗೆ ಹೋಗಲಿಲ್ಲ, ಅವನಿಗೆ ಏನೋ ಕೆಲಸವಿತ್ತಂತೆ. ಅಪ್ಪ ಮಗ ಯಾರೂ ಅವಳಿಗೆ ತಪ್ಪಾಯಿತು ಅಂದಿಲ್ಲ. ಅಂದರು ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತೋ ಏನೋ. ಅನ್ನಲಿಲ್ಲ.

ಅವಳು ಶಾಲೆಯಿಂದ ಕಾರಿನಲ್ಲಿ ಬಂದ ಮೊದಲ ಸಂಜೆ ನಾನು ಒಲೆ ಬಿಟ್ಟು ಬಾಗಿಲಿಗೆ ಬಂದು ನಿಂತೆ. ಮುದುಕ ಕೊಡ ತುಂಬಿಸಿಯೇ ಇಟ್ಟಿದ್ದ. ಕಾರು ನಿಂತ ಕೂಡಲೇ ಎತ್ತಿಕೊಂಡು ಹೋಗಿ ಗಾಲಿಯ ಮುಂದೆ ಬಗ್ಗಿದ. ನಾನು ಕೆಮ್ಮಿದೆ.

"ಗಾಲಿಗಿ ಬ್ಯಾಡಂದ್ರ ಎಲ್ಲಿ ಸುರವ್ಲಿ ಇದನ್ನ?" ಅಂತ ನನ್ನ ಮೇಲೆ ಹರಿಹಾಯ್ದ.

"ಹೊರಗಿಂದ ಬಂದವರ ಕಾಲಿಗಿ ನೀರ ಕೊಡ್ರಿ. ಅದೂ ಪದ್ಧತಿನಽ ಅಲ್ಲೇನು?"

ಸೊಸೆ ಕಾರಿನ ಬಾಗಿಲು ಹಾಕಿ, ಚೀಲ ಹೆಗಲಿಗೆ ಹಾಕಿಕೊಂಡು, ಅಲ್ಲೇ ನಿಂತಿದ್ದಳು. ಮುದುಕ ಅವಳ ಕಾಲ ಕಡೆ ನೋಡಲಿಲ್ಲ. ಕೊಡವನ್ನು ಬಾಗಿಲ ಮುಂದಿನ ಪಾವಟಿಗೆಯ ಹತ್ತಿರ ಧಪ್ಪನೆ ಇಟ್ಟು, ಕಟ್ಟೆಗೆ ಹೋಗಿ, ರಸ್ತೆಯ ಕಡೆ ಮುಖ ಮಾಡಿ ಕೂತ.

ಅವಳು ಚಪ್ಪಲಿ ಬಿಟ್ಟು ಸೀರೆ ತುಸು ಎತ್ತಿ ಹಿಡಿದು ಕಾಲು ತೊಳೆದಳು. ಒಂದು ತಂಬಿಗೆ ಸಾಕಾಗುತ್ತಿತ್ತು. ಅವಳು ಇಡೀ ಕೊಡ ಖಾಲಿ ಮಾಡಿದಳು. ನಾನು ಒಳಗೆ ಹೋಗಿ ಒಲೆಯ ಉರಿ ಸಣ್ಣ ಮಾಡಿ ಕೂತೆ. ರಾತ್ರಿಯ ರೊಟ್ಟಿ ಅವಳದು.